ತಾರಾ ಆಟಗಾರನನ್ನು ಬಿಟ್ಟುಕೊಟ್ಟು ಫುಟ್‌ಬಾಲ್ ತಂಡವನ್ನು ಮತ್ತೆ ಒಂದುಗೂಡಿಸುವ ಬಗೆ

2008ರ ಜೂನ್‌ನಲ್ಲಿ ಬಾರ್ಸಿಲೋನಾ ತಂಡದ ಹೊಣೆ ಹೊತ್ತ ಪೆಪ್ ಗಾರ್ಡಿಯೋಲಾ, ತಮ್ಮ ಮೊದಲ ಪತ್ರಿಕಾಗೋಷ್ಠಿಯಲ್ಲೇ ರೊನಾಲ್ಡಿನೊ, ಡೆಕೊ ಮತ್ತು ಸ್ಯಾಮ್ಯುಯೆಲ್ ಎಟೊ ತಮ್ಮ ಯೋಜನೆಯಲ್ಲಿಲ್ಲ ಎಂದು ಹೇಳಿಬಿಟ್ಟರು. 2003ರಲ್ಲಿ ರೊನಾಲ್ಡಿನೊ ಬಂದ ಮೇಲೆಯೇ ಆ ಕ್ಲಬ್ ಚೇತರಿಸಿಕೊಂಡು ಎರಡು ಲೀಗ್ ಪ್ರಶಸ್ತಿಗಳನ್ನೂ ಯುರೋಪಿನ ಅಗ್ರ ಕ್ಲಬ್‌ಗಳ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗನ್ನು 2006ರಲ್ಲೂ ಗೆದ್ದಿತ್ತು. ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ಯಾಲನ್ ಡಿ ಓರ್ ಕೂಡ 2005ರಲ್ಲಿ ರೊನಾಲ್ಡಿನೊ ಅವರದೇ ಆಗಿತ್ತು. ಆದರೆ 2007-08ರ ಋತು ಮುಗಿಯುವ ಹೊತ್ತಿಗೆ ತಂಡ ರಿಯಲ್ ಮ್ಯಾಡ್ರಿಡ್‌ಗಿಂತ 18 ಅಂಕ ಹಿಂದೆ ಬಿದ್ದು ಮೂರನೆಯ ಸ್ಥಾನಕ್ಕೆ ಇಳಿದಿತ್ತು ಮತ್ತು ಅಭ್ಯಾಸದ ಶಿಸ್ತು ಸಡಿಲಗೊಂಡಿತ್ತು. ಆ ಬೇಸಿಗೆಯಲ್ಲಿ ರೊನಾಲ್ಡಿನೊ ಎಸಿ ಮಿಲಾನ್‌ಗೆ, ಡೆಕೊ ಚೆಲ್ಸಿಗೆ ಹೋದರು. ಮುಂದಿನ ಋತುವಿನಲ್ಲಿ ಬಾರ್ಸಿಲೋನಾ ಸ್ಪೇನಿನ ಲೀಗ್, ಅಲ್ಲಿನ ನಾಕೌಟ್ ಪಂದ್ಯಾವಳಿ ಕೋಪಾ ಡೆಲ್ ರೇ ಮತ್ತು ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದಿತು.

ದೊಡ್ಡ ಹೆಸರಿನವರನ್ನು ಹೊರಗೆ ಹಾಕಿದ್ದರಿಂದಲೇ ತಂಡ ಗೆದ್ದಿತು ಎಂದು ಈ ಪ್ರಸಂಗವನ್ನು ಚುಟುಕಾಗಿ ಹೇಳುವವರು ಬಹಳ. ಅಷ್ಟನ್ನೇ ನಂಬಿ ಮುಂದುವರಿದ ಕ್ಲಬ್‌ಗಳು ಕೈಸುಟ್ಟುಕೊಂಡಿವೆ. ತಾರೆಯೊಬ್ಬ ಮೈದಾನದ ಒಳಗೂ ಹೊರಗೂ ಮಾಡುತ್ತಿದ್ದ ಕೆಲಸಗಳನ್ನು ಯಾರು ವಹಿಸಿಕೊಳ್ಳುತ್ತಾರೆ ಎಂಬುದನ್ನು ಮೊದಲೇ ನಿಶ್ಚಯಿಸದೆ ಆತನನ್ನು ಕಳುಹಿಸಿದ ತಂಡ ಮೊದಲಿಗಿಂತ ಹೆಚ್ಚು ಚದುರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಥ ನಿರ್ಧಾರದ ಹೊಸ್ತಿಲಲ್ಲಿ ನಿಂತಿರುವ ಕೋಚ್, ಮ್ಯಾನೇಜರ್ ಮತ್ತು ಕ್ಲಬ್ ಸಮಿತಿಯ ಸದಸ್ಯರಿಗಾಗಿ, ಕೆಲಸ ನಡೆಯಬೇಕಾದ ಕ್ರಮದಲ್ಲಿ ಇದನ್ನು ಬರೆದಿದ್ದೇನೆ.

ಬಿರುಕು ನಿಜವಾಗಿ ಎಲ್ಲಿದೆ ಎಂದು ನೋಡಿಕೊಳ್ಳುವುದು

ತಂಡ ಸೋಲುತ್ತಿರುವಾಗ ಎಲ್ಲರ ಕಣ್ಣೂ ಹೆಚ್ಚು ಸಂಬಳ ಪಡೆಯುವವನ ಮೇಲೆ ಬೀಳುವುದು ಸಹಜ. ಆದ್ದರಿಂದ ಮೊದಲು ಇತ್ತೀಚಿನ ಐದಾರು ಪಂದ್ಯಗಳ ವಿಡಿಯೊವನ್ನು ಚೆಂಡಿನ ಹಿಂದೆ ಹೋಗದೆ, ಚೆಂಡಿಲ್ಲದವರನ್ನೇ ಗಮನಿಸುತ್ತ ನೋಡಿ. ತಾರಾ ಆಟಗಾರ ಚೆಂಡನ್ನು ಕಳೆದುಕೊಂಡ ಮರುಕ್ಷಣದಲ್ಲಿ ಸುತ್ತಲಿನ ಮೂವರು ಏನು ಮಾಡುತ್ತಾರೆ, ಚೆಂಡು ಕಸಿಯಲು ಮುಂದೆ ನುಗ್ಗುತ್ತಾರೆಯೇ ಅಥವಾ ಕೈ ಚೆಲ್ಲಿ ಆತನ ಕಡೆ ನೋಡುತ್ತ ನಿಲ್ಲುತ್ತಾರೆಯೇ? ಎದುರಾಳಿಗಳು ಮುತ್ತಿಕೊಂಡಿದ್ದರೂ ಆತನಿಗೇ ಪಾಸ್ ಹೋಗುತ್ತಿದೆಯೇ, ಆ ಹೊತ್ತಿನಲ್ಲಿ ಇನ್ನೊಂದು ಬದಿಯಲ್ಲಿ ಒಬ್ಬ ಆಟಗಾರ ಬಿಡುವಾಗಿ ನಿಂತಿದ್ದನೇ? ಆತ ಗೋಲು ಹೊಡೆದಾಗ ಯಾರು ಓಡಿ ಬರುತ್ತಾರೆ, ಯಾರು ತಮ್ಮ ಜಾಗದಲ್ಲೇ ಉಳಿಯುತ್ತಾರೆ? ಆತ ಗಾಯದಿಂದಲೋ ಅಮಾನತಿನಿಂದಲೋ ಆಡದ ಪಂದ್ಯಗಳಿದ್ದರೆ ಅವನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ಫಲಿತಾಂಶಕ್ಕಿಂತ ಉಳಿದವರ ಓಟ ಹೆಚ್ಚಾಯಿತೇ ಎಂಬುದು ಇಲ್ಲಿ ಮುಖ್ಯ.

ಆಮೇಲೆ ಆಟಗಾರರೊಂದಿಗೆ ಒಬ್ಬೊಬ್ಬರಾಗಿ ಮಾತನಾಡಿ. "ಅವನ ಬಗ್ಗೆ ನಿನ್ನ ಅಭಿಪ್ರಾಯವೇನು" ಎಂದು ಕೇಳಿದರೆ ಒಂದೋ ಬಾಯಿ ಬಿಡುವುದಿಲ್ಲ, ಇಲ್ಲವೇ ಹಳೆಯ ಜಗಳಗಳೆಲ್ಲ ಹೊರಬರುತ್ತವೆ. "ಪಂದ್ಯದಲ್ಲಿ ನಿನಗೆ ತುಂಬ ಕಷ್ಟವೆನಿಸುವ ಸಂದರ್ಭ ಯಾವುದು" ಎಂದು ಕೇಳಿ ಸುಮ್ಮನಿರಿ. "ಸರ್, ನಾನು ಬಲಬದಿಯಿಂದ ಮುಂದಕ್ಕೆ ಓಡಿದರೂ ನನಗೆ ಬಾಲ್ ಬರುವುದಿಲ್ಲ, ವಾಪಸ್ ಓಡಿ ಬರುವಾಗ ನನ್ನ ಜಾಗ ಖಾಲಿಯಾಗಿರುತ್ತದೆ, ಹಾಗಾಗಿ ಓಡುವುದನ್ನೇ ಬಿಟ್ಟಿದ್ದೇನೆ" ಎಂದು ರೈಟ್ ಬ್ಯಾಕ್ (ಬಲಬದಿಯ ಡಿಫೆಂಡರ್) ಹೇಳಿದರೆ ನಿಮಗೆ ಬೇಕಾದ ಮಾಹಿತಿ ಅದು. ಅಂಥದೇ ಮಾತು ಮೂರು ನಾಲ್ಕು ಬಾಯಿಗಳಿಂದ ಬೇರೆ ಬೇರೆ ರೂಪದಲ್ಲಿ ಬಂದರೆ ಸಮಸ್ಯೆ ಆತನ ಸುತ್ತ ಇದೆ ಎಂದು ತಿಳಿಯಬಹುದು. ಅದಕ್ಕೆ ಬದಲಾಗಿ ಸಂಬಳ ತಡವಾಗುತ್ತಿದೆ, ಯಾವ ಸ್ಥಾನದಲ್ಲಿ ಆಡುತ್ತೇನೆಂದು ಪಂದ್ಯದ ದಿನದವರೆಗೂ ಗೊತ್ತಾಗುವುದಿಲ್ಲ ಎಂಬಂಥ ಉತ್ತರಗಳೇ ಹೆಚ್ಚಾಗಿ ಬಂದರೆ ದೋಷ ಆಡಳಿತದ್ದು ಅಥವಾ ಕೋಚ್‌ನದು. ಆಗ ಯಾರನ್ನು ಮಾರಿದರೂ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಸ್ಥಿತಿ ಮುಂದುವರಿಯುತ್ತದೆ.

ಮೂರನೆಯದಾಗಿ ನಿಯಮಗಳನ್ನು ನೋಡಿ. ಅಭ್ಯಾಸಕ್ಕೆ ತಡವಾಗಿ ಬಂದ ಹತ್ತೊಂಬತ್ತರ ಹುಡುಗನಿಗೆ ದಂಡ ಹಾಕಿ ತಾರೆಗೆ ಹಾಕದೆ ಬಿಟ್ಟದ್ದು ಎಷ್ಟು ಸಲ? ಆ ವಿನಾಯಿತಿಗಳನ್ನು ಕೊಟ್ಟವರು ನೀವೇ ಎಂಬುದನ್ನು ಮರೆಯಬೇಡಿ, ಏಕೆಂದರೆ ಅವನ್ನು ಹಿಂಪಡೆಯುವುದು ಆಟಗಾರನನ್ನು ಮಾರುವುದಕ್ಕಿಂತ ಸುಲಭ ಮತ್ತು ಅಗ್ಗ.

ಒಂದು ಅವಕಾಶ, ಅದಕ್ಕೊಂದು ಗಡುವು

ಗಾರ್ಡಿಯೋಲಾ ಹೆಸರಿಸಿದ ಮೂವರಲ್ಲಿ ಎಟೊ ಹೋಗಲಿಲ್ಲ ಎಂಬುದು ಈ ಪ್ರಸಂಗದಲ್ಲಿ ಹೆಚ್ಚು ಜನ ಗಮನಿಸದ ಭಾಗ. ಋತುವಿಗೆ ಮುಂಚಿನ ಅಭ್ಯಾಸದಲ್ಲಿ ಅವರು ಶ್ರಮಪಟ್ಟರು, ಕೋಚ್ ತಮ್ಮ ಮಾತನ್ನು ಬದಲಿಸಿದರು, ಎಟೊ ಆ ವರ್ಷ ಲೀಗ್‌ನಲ್ಲೇ 30 ಗೋಲು ಹೊಡೆದರು. 2009ರ ಮೇ 2ರಂದು ಮ್ಯಾಡ್ರಿಡ್‌ನ ಬೆರ್ನಬೆವು ಕ್ರೀಡಾಂಗಣದಲ್ಲಿ 6-2ರಿಂದ ಗೆದ್ದ ಪಂದ್ಯದಲ್ಲಿ ಲಿಯೊನೆಲ್ ಮೆಸ್ಸಿಯನ್ನು ಮಧ್ಯಕ್ಕೆ ತರಲು ಎಟೊ ತಮ್ಮ ಜಾಗ ಬಿಟ್ಟು ಬಲಬದಿಗೆ ಸರಿದರು. ಅದೇ ತಿಂಗಳ 27ರಂದು ರೋಮ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಹತ್ತನೆಯ ನಿಮಿಷದ ಮೊದಲ ಗೋಲು ಅವರದೇ. ಹೊರಹೋಗಲಿ ಎಂದು ಎಲ್ಲರ ಮುಂದೆ ಹೇಳಿಸಿಕೊಂಡ ಆಟಗಾರನೊಬ್ಬ ಇಷ್ಟು ಮಾಡಿದ್ದನ್ನು ನೋಡಿದರೆ, ನಿರ್ಧಾರವನ್ನು ಮುದ್ರೆಯೊತ್ತಿ ಮುಗಿಸುವ ಮುನ್ನ ಒಂದು ಅವಕಾಶ ಕೊಡುವುದು ಎಷ್ಟು ಅಗತ್ಯವೆಂದು ತಿಳಿಯುತ್ತದೆ.

ಆ ಅವಕಾಶ ಅಸ್ಪಷ್ಟವಾಗಿರಬಾರದು. ಆಟಗಾರನನ್ನು ಕರೆದು ಕೂರಿಸಿ, ಯಾವ ನಾಲ್ಕು ವಿಷಯಗಳು ಬದಲಾಗಬೇಕು, ಯಾವ ದಿನದೊಳಗೆ ಬದಲಾಗಬೇಕು ಎಂದು ಕಾಗದದ ಮೇಲೆ ಬರೆದು ಕೊಡಿ. ಚೆಂಡು ಹೋದಾಗ ಹಿಂದಕ್ಕೆ ಓಡುವುದು, ಅಭ್ಯಾಸಕ್ಕೆ ಹೊತ್ತಿಗೆ ಸರಿಯಾಗಿ ಬರುವುದು, ಬದಲಿ ಆಟಗಾರನಾಗಿ ಹೊರಕ್ಕೆ ಕರೆದಾಗ ಕೈಕುಲುಕಿ ಬರುವುದು, ಹೀಗೆ ಕಣ್ಣಿಗೆ ಕಾಣುವ ವಿಷಯಗಳಾಗಿರಲಿ. "ಮನೋಭಾವ ಸರಿಪಡಿಸಿಕೋ" ಎಂಬ ಮಾತಿನಿಂದ ಯಾರಿಗೂ ಪ್ರಯೋಜನವಿಲ್ಲ. ಒಂದು ತಿಂಗಳು ಸಾಕು. ಗಡುವು ಮುಗಿದ ದಿನ ನಿರ್ಧಾರ ತೆಗೆದುಕೊಳ್ಳಿ. ಎರಡನೆಯ ಗಡುವು ಕೊಟ್ಟರೆ ತಂಡದ ಉಳಿದವರು ನಿಮ್ಮ ಮಾತನ್ನು ನಂಬುವುದಿಲ್ಲ.

ಕೆಲಸಗಳ ಪಟ್ಟಿ

ಈ ಹಂತವನ್ನು ಹಾರಿಸಿ ಹೋಗುವವರೇ ಹೆಚ್ಚು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಒಂದು ನೋಟ್‌ಪುಸ್ತಕದಲ್ಲಿ ಆ ಆಟಗಾರ ತಂಡಕ್ಕಾಗಿ ಮಾಡುವ ಪ್ರತಿಯೊಂದು ಕೆಲಸವನ್ನೂ ಬರೆಯಿರಿ. ಗೋಲು ಮತ್ತು ಗೋಲಿಗೆ ನೆರವಾದ ಪಾಸ್‌ಗಳು ಅದರಲ್ಲಿ ಮೊದಲ ಎರಡು ಸಾಲು ಮಾತ್ರ. ಫ್ರೀ ಕಿಕ್, ಕಾರ್ನರ್, ಪೆನಾಲ್ಟಿ ಹೊಡೆಯುವವರು ಯಾರು? ಒತ್ತಡದಲ್ಲಿ ಸಿಕ್ಕಿಕೊಂಡ ಡಿಫೆಂಡರ್ ಕಣ್ಣುಮುಚ್ಚಿ ಚೆಂಡನ್ನು ಎತ್ತಿ ಹೊಡೆಯುವುದು ಯಾರ ಕಡೆಗೆ? ಎದುರಾಳಿಯ ಇಬ್ಬರು ಡಿಫೆಂಡರ್‌ಗಳು ಆತನಿಗೆ ಅಂಟಿಕೊಂಡಿರುವುದರಿಂದ ಯಾರಿಗೆ ಜಾಗ ಸಿಗುತ್ತಿದೆ? ರೆಫರಿಯೊಂದಿಗೆ ಮಾತನಾಡುವವರು, ಹೊರರಾಜ್ಯದಿಂದಲೋ ಹೊರದೇಶದಿಂದಲೋ ಬಂದ ಹೊಸಬನನ್ನು ಊಟಕ್ಕೆ ಕರೆದುಕೊಂಡು ಹೋಗುವವರು, ಕಿರಿಯರಿಗೆ ಬೂಟು ಕೊಡಿಸುವವರು ಯಾರು? ಜಗಳಗಂಟ ಎನಿಸಿಕೊಂಡ ತಾರೆಗಳು ಇಂಥ ಕೆಲಸಗಳನ್ನು ಸದ್ದಿಲ್ಲದೆ ಮಾಡುತ್ತಿರುವುದು ಅಪರೂಪವಲ್ಲ.

ಪ್ರತಿ ಸಾಲಿನ ಎದುರಿಗೆ ಈಗ ತಂಡದಲ್ಲಿರುವ ಒಬ್ಬರ ಹೆಸರನ್ನು ಬರೆಯಿರಿ. ಅರ್ಧಕ್ಕಿಂತ ಹೆಚ್ಚು ಸಾಲುಗಳು ಖಾಲಿ ಉಳಿದರೆ ನೀವಿನ್ನೂ ಸಿದ್ಧರಾಗಿಲ್ಲ. ಎಲ್ಲ ಸಾಲುಗಳಲ್ಲೂ ಒಂದೇ ಹೆಸರು ಬಂದರೆ ಇನ್ನೊಬ್ಬ ತಾರೆಯನ್ನು ನೀವೇ ತಯಾರು ಮಾಡುತ್ತಿದ್ದೀರಿ.

ಇಂಗ್ಲೆಂಡಿನ ಎರಡು ಉದಾಹರಣೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಈ ಪಟ್ಟಿಯ ಬೆಲೆ ಗೊತ್ತಾಗುತ್ತದೆ. ಟಾಟನ್‌ಹ್ಯಾಮ್ 2013ರಲ್ಲಿ ಗ್ಯಾರೆತ್ ಬೇಲ್ ಅವರನ್ನು ರಿಯಲ್ ಮ್ಯಾಡ್ರಿಡ್‌ಗೆ ಸುಮಾರು 8.5 ಕೋಟಿ ಪೌಂಡ್‌ಗೆ ಮಾರಿ, ಅದೇ ಬೇಸಿಗೆಯಲ್ಲಿ ಏಳು ಹೊಸ ಆಟಗಾರರನ್ನು ತಂದಿತು. ಹಿಂದಿನ ಋತುವಿನಲ್ಲಿ ಬೇಲ್ ಒಬ್ಬರೇ ಲೀಗ್‌ನಲ್ಲಿ 21 ಗೋಲು ಹೊಡೆದಿದ್ದರು. ಬಂದ ಏಳು ಮಂದಿಗೆ ಒಂದೇ ತಂಡದಲ್ಲಿ ಆಡಿದ ಅನುಭವವೂ ಇರಲಿಲ್ಲ, ಬೇಲ್ ಮಾಡುತ್ತಿದ್ದ ಕೆಲಸ ಯಾರದೆಂಬ ಸ್ಪಷ್ಟತೆಯೂ ಇರಲಿಲ್ಲ. ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು 6-0, ಡಿಸೆಂಬರ್‌ನಲ್ಲಿ ತಮ್ಮದೇ ಮೈದಾನದಲ್ಲಿ ಲಿವರ್‌ಪೂಲ್ ಎದುರು 5-0 ಸೋಲುಗಳಾದ ಬೆನ್ನಲ್ಲೇ ಮ್ಯಾನೇಜರ್ ಆಂಡ್ರೆ ವಿಲಾಸ್ ಬೋಆಸ್ ಹುದ್ದೆ ಬಿಡಬೇಕಾಯಿತು. ಲಿವರ್‌ಪೂಲ್ 2018ರ ಜನವರಿಯಲ್ಲಿ ಫಿಲಿಪೆ ಕುಟಿನೊ ಅವರನ್ನು ಬಾರ್ಸಿಲೋನಾಕ್ಕೆ ಕೊಟ್ಟಾಗ, ಎಲ್ಲ ಷರತ್ತುಗಳೂ ಈಡೇರಿದರೆ 14.2 ಕೋಟಿ ಪೌಂಡ್ ಬರುವ ಒಪ್ಪಂದವಾಗಿದ್ದರೂ, ಆತನ ಜಾಗಕ್ಕೆಂದು ಆಗಲೇ ಇನ್ನೊಬ್ಬ ಆಟಗಾರನನ್ನು ತರಲಿಲ್ಲ. ಗೋಲಿನ ಕೆಲಸವನ್ನು ಮುಂಚೂಣಿಯ ಮೂವರು ಆಟಗಾರರಾದ ಸಲಾ, ಮಾನೆ, ಫಿರ್ಮಿನೊ ಆಗಲೇ ಹಂಚಿಕೊಂಡಿದ್ದರು. ಹಣ ಹೋದದ್ದು ತಂಡದ ದುರ್ಬಲ ಜಾಗಗಳಾಗಿದ್ದ ರಕ್ಷಣೆಗೆ ವರ್ಜಿಲ್ ವಾನ್ ಡೈಕ್ ಮತ್ತು ಗೋಲ್‌ಕೀಪರ್ ಜಾಗಕ್ಕೆ ಅಲಿಸನ್ ಅವರನ್ನು ತರಲು. ಆ ವರ್ಷವೇ ಚಾಂಪಿಯನ್ಸ್ ಲೀಗ್ ಫೈನಲ್ ತಲುಪಿದ ತಂಡ ಮರುವರ್ಷ ಅದನ್ನು ಗೆದ್ದಿತು, 2020ರಲ್ಲಿ ಲೀಗನ್ನೂ ಗೆದ್ದಿತು.

ಯಾವಾಗ, ಏನಕ್ಕೆ ಬದಲಾಗಿ

ಒಪ್ಪಂದದ ಅವಧಿಯನ್ನು ಮೊದಲು ನೋಡಿ. ಫಿಫಾ ನಿಯಮದ ಪ್ರಕಾರ ಒಪ್ಪಂದ ಮುಗಿಯಲು ಆರು ತಿಂಗಳಷ್ಟೇ ಉಳಿದಿದ್ದರೆ ಆಟಗಾರ ಇನ್ನೊಂದು ಕ್ಲಬ್‌ನೊಂದಿಗೆ ನೇರವಾಗಿ ಕರಾರು ಮಾಡಿಕೊಳ್ಳಬಹುದು. ಆಗ ನಿಮ್ಮ ಕೈಗೆ ಏನೂ ಬರುವುದಿಲ್ಲ. ಕನಿಷ್ಠ ಒಂದೂವರೆ ವರ್ಷ ಉಳಿದಿರುವಾಗಲೇ ಮಾತುಕತೆ ಆರಂಭವಾಗುವುದು ಒಳ್ಳೆಯದು. ಆಟಗಾರರನ್ನು ಕೊಳ್ಳಲು, ಮಾರಲು ಅನುಮತಿಯಿರುವ ವರ್ಗಾವಣೆಯ ಅವಧಿ ತೆರೆದ ಮೊದಲ ವಾರಗಳಲ್ಲೇ ವ್ಯವಹಾರ ಮುಗಿಸಲು ಯತ್ನಿಸಿ, ಏಕೆಂದರೆ ಕೊನೆಯ ದಿನ ಕಳುಹಿಸಿದರೆ ಬದಲಿ ವ್ಯವಸ್ಥೆಗೆ ಸಮಯವಿರುವುದಿಲ್ಲ. ಇಂಗ್ಲೆಂಡಿನ ಆರ್ಸೆನಲ್ ಶಿಸ್ತಿನ ಕಾರಣಕ್ಕೆ ಸ್ಟ್ರೈಕರ್ (ಗೋಲು ಹೊಡೆಯುವ ಮುಂಚೂಣಿ ಆಟಗಾರ) ಪಿಯರ್ ಎಮೆರಿಕ್ ಔಬಮೆಯಾಂಗ್ ಅವರ ನಾಯಕತ್ವವನ್ನು 2021ರ ಡಿಸೆಂಬರ್‌ನಲ್ಲಿ ತೆಗೆದು, ಜನವರಿ ಅವಧಿಯ ಕೊನೆಯಲ್ಲಿ ಹಣವಿಲ್ಲದೆ ಬಿಟ್ಟುಕೊಟ್ಟಿತು, ಆ ಅವಧಿಯಲ್ಲಿ ಬೇರೆ ಸ್ಟ್ರೈಕರ್‌ನನ್ನು ಕೊಳ್ಳಲಿಲ್ಲ. ಋತುವಿನ ಕೊನೆಗೆ ಎರಡು ಅಂಕಗಳಿಂದ ನಾಲ್ಕನೆಯ ಸ್ಥಾನ, ಅದರೊಂದಿಗೆ ಚಾಂಪಿಯನ್ಸ್ ಲೀಗ್ ಪ್ರವೇಶ ತಪ್ಪಿತು. ಮರುವರ್ಷ ಅದೇ ಕಿರಿಯರ ತಂಡ ಲೀಗ್‌ನಲ್ಲಿ ಎರಡನೆಯದಾಗಿ ಬಂದದ್ದನ್ನು ನೋಡಿದರೆ ನಿರ್ಧಾರ ಸರಿಯೇ ಆಗಿತ್ತೆನ್ನಬೇಕು, ಆದರೆ ಆಯ್ದ ಹೊತ್ತಿಗೆ ಬೆಲೆ ತೆರಬೇಕಾಯಿತು.

ಆಟಗಾರನಿಗೆ ಆಟಗಾರನನ್ನು ಪಡೆಯುವ ವಿನಿಮಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಮೂರು ಪ್ರಶಸ್ತಿ ಗೆದ್ದ ಅದೇ ಬಾರ್ಸಿಲೋನಾ 2009ರಲ್ಲಿ ಎಟೊ ಅವರ ಜೊತೆಗೆ ಸುಮಾರು 4.6 ಕೋಟಿ ಯೂರೋವನ್ನೂ ಇಂಟರ್ ಮಿಲಾನ್‌ಗೆ ಕೊಟ್ಟು ಜ್ಲಾಟನ್ ಇಬ್ರಾಹಿಮೊವಿಚ್ ಅವರನ್ನು ತಂದಿತು. ಇಬ್ರಾಹಿಮೊವಿಚ್ ಗೋಲು ಹೊಡೆದರೂ ಮೆಸ್ಸಿಗೆ ಬೇಕಿದ್ದ ಜಾಗ ಮತ್ತು ಅವರ ಜಾಗ ಒಂದೇ ಆಗಿಬಿಟ್ಟಿತು, ಒಂದು ಋತು ಮುಗಿದ ಮೇಲೆ ಇಬ್ರಾಹಿಮೊವಿಚ್ ಕೂಡ ಎಸಿ ಮಿಲಾನ್‌ಗೆ ಹೊರಟರು. 2010ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೆಯ ಪಂದ್ಯದಲ್ಲಿ ಥಿಯಾಗೊ ಮೊಟ್ಟಾ ಕೆಂಪು ಕಾರ್ಡ್ ಪಡೆದು ಇಂಟರ್ ಹತ್ತು ಮಂದಿಗೆ ಇಳಿದಾಗ, ಎಟೊ ಸ್ಟ್ರೈಕರ್ ಎಂಬುದನ್ನು ಬದಿಗಿಟ್ಟು ಫುಲ್ ಬ್ಯಾಕ್‌ನಂತೆ ತಮ್ಮ ಪೆನಾಲ್ಟಿ ಬಾಕ್ಸ್‌ನ ಅಂಚಿನಲ್ಲಿ ನಿಂತು ರಕ್ಷಣೆ ಮಾಡಿದರು. ಆ ಪಂದ್ಯವನ್ನು ಸೋತರೂ ಒಟ್ಟು ಗೋಲುಗಳಲ್ಲಿ ಇಂಟರ್ ಮುಂದಿತ್ತು, ಬಾರ್ಸಿಲೋನಾ ಹೊರಬಿತ್ತು. ಒಂದು ದೊಡ್ಡ ಹೆಸರಿಗೆ ಇನ್ನೊಂದು ದೊಡ್ಡ ಹೆಸರನ್ನು ಪಡೆಯುವ ಬದಲು ನಿಮ್ಮ ಪಟ್ಟಿಯ ಖಾಲಿ ಸಾಲುಗಳನ್ನು ತುಂಬುವ ಇಬ್ಬರನ್ನು ಪಡೆಯುವುದು ಲೇಸು.

ಭಾರತದಲ್ಲೂ ಇಂಥ ವಿನಿಮಯಗಳು ನಡೆದಿವೆ. 2023ರ ಜುಲೈನಲ್ಲಿ ಕೇರಳ ಬ್ಲಾಸ್ಟರ್ಸ್ ತನ್ನ ಅಭಿಮಾನಿಗಳ ಕಣ್ಮಣಿಯಾಗಿದ್ದ ಸಹಲ್ ಅಬ್ದುಲ್ ಸಮದ್ ಅವರನ್ನು ಮೋಹನ್ ಬಾಗಾನ್‌ಗೆ ಕೊಟ್ಟು, ಅನುಭವಿ ಡಿಫೆಂಡರ್ ಪ್ರೀತಮ್ ಕೋಟಾಲ್ ಅವರನ್ನೂ ಒಂದಿಷ್ಟು ಹಣವನ್ನೂ ಪಡೆಯಿತು. ಇಂಥ ಒಪ್ಪಂದಗಳಲ್ಲಿ ಇಬ್ಬರು ಆಟಗಾರರ ಬೆಲೆಯನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ವಿದೇಶಿ ಕ್ಲಬ್ಬಿಗೆ ಹಣಕ್ಕೆ ಮಾರುವುದಾದರೆ, 12ರಿಂದ 23ರ ವಯಸ್ಸಿನವರೆಗೆ ಆ ಆಟಗಾರನನ್ನು ಬೆಳೆಸಿದ ಕ್ಲಬ್‌ಗಳಿಗೆ ಒಟ್ಟು ಶೇ 5ರಷ್ಟು ಪಾಲು ಸಲ್ಲಬೇಕೆಂಬ ಫಿಫಾ ನಿಯಮವನ್ನು ಲೆಕ್ಕದಲ್ಲಿಡಿ. ಕರ್ನಾಟಕದ ಜಿಲ್ಲಾ ಲೀಗ್‌ಗಳಲ್ಲೂ ಹವ್ಯಾಸಿ ಕ್ಲಬ್‌ಗಳಲ್ಲೂ ಹಣದ ಮಾತೇ ಇರುವುದು ಕಡಿಮೆ. ವಿಮಾನ ಕಾರ್ಖಾನೆ ಎಚ್‌ಎಎಲ್, ಸೇನೆಯ ಎಂಇಜಿಯಂಥ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸಂಸ್ಥೆಗಳ ತಂಡಗಳಲ್ಲಿ ಆಟದೊಂದಿಗೆ ನೌಕರಿಯೂ ಸೇರಿಕೊಂಡಿರುವುದರಿಂದ ಬಿಟ್ಟುಕೊಡುವ ಪ್ರಶ್ನೆಯೇ ಬೇರೆಯಾಗುತ್ತದೆ. ಅಲ್ಲಿ ಜವಾಬ್ದಾರಿಗಳನ್ನು ಮರುಹಂಚುವುದೇ ಇರುವ ದಾರಿ.

ಲೋನ್ ಮೇಲೆ, ಎಂದರೆ ಸ್ವಲ್ಪ ಕಾಲಕ್ಕೆ ಬೇರೆ ಕ್ಲಬ್‌ಗೆ ಎರವಲಾಗಿ, ಕಳುಹಿಸುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಮುಂದಿನ ವರ್ಷ ಆತ ಮರಳಿ ಬರಬಹುದು ಎಂದಿರುವಾಗ ಆತನ ಜಾಗವನ್ನು ಯಾರೂ ಮನಸ್ಸಿಟ್ಟು ತುಂಬುವುದಿಲ್ಲ.

ಹೇಳುವ ರೀತಿ

ಸುದ್ದಿ ಆಟಗಾರನಿಗೆ ನಿಮ್ಮ ಬಾಯಿಂದಲೇ, ಎದುರೆದುರು ಕುಳಿತಾಗ, ಎಲ್ಲರಿಗಿಂತ ಮೊದಲು ತಿಳಿಯಬೇಕು. ಏಜೆಂಟ್ ಮೂಲಕವೂ ಅಲ್ಲ, ವಾಟ್ಸ್‌ಆ್ಯಪ್‌ನಲ್ಲೂ ಅಲ್ಲ. ಮಾತು ಚಿಕ್ಕದಾಗಿರಲಿ: "ನೀನು ಈ ತಂಡಕ್ಕೆ ಮಾಡಿದ್ದನ್ನು ನಾನು ಮರೆತಿಲ್ಲ. ಮುಂದಿನ ವರ್ಷ ನಾವು ಆಡಬೇಕೆಂದಿರುವ ರೀತಿಯಲ್ಲಿ ನಿನಗೆ ಸರಿಯಾದ ಜಾಗ ಕೊಡಲು ನನ್ನಿಂದ ಆಗುವುದಿಲ್ಲ. ನಿನಗೆ ಒಪ್ಪುವ ಕ್ಲಬ್ ಹುಡುಕಲು ನಾವೂ ಜೊತೆಗಿರುತ್ತೇವೆ." ಹಳೆಯ ತಪ್ಪುಗಳ ಪಟ್ಟಿ ಓದುವ ಸಮಯ ಅದಲ್ಲ, ಅದನ್ನು ಗಡುವು ಕೊಟ್ಟ ದಿನವೇ ಹೇಳಿ ಮುಗಿಸಿರಬೇಕು.

ಹೋಗುವವರೆಗೆ ಆತ ತಂಡದ ಸದಸ್ಯನೇ. ಒಂಟಿಯಾಗಿ ಓಡಿಸಿ, ಕಿರಿಯರೊಂದಿಗೆ ಅಭ್ಯಾಸಕ್ಕೆ ತಳ್ಳಿ, ಬೇಸರದಿಂದ ತಾನೇ ಬಿಟ್ಟುಹೋಗುವಂತೆ ಮಾಡುವ ಕ್ರಮ ನೈತಿಕವಾಗಿ ಕೆಟ್ಟದ್ದು. ಜೊತೆಗೆ, ಒಪ್ಪಂದ ಮುರಿಯುವಂತೆ ಒತ್ತಾಯಿಸುವ ದುರ್ವರ್ತನೆ ನಡೆದರೆ ಆಟಗಾರ ನ್ಯಾಯಯುತ ಕಾರಣದಿಂದಲೇ ಒಪ್ಪಂದ ಕೊನೆಗೊಳಿಸಬಹುದೆಂದು ಫಿಫಾ ನಿಯಮ ಹೇಳುತ್ತದೆ. ಇದಕ್ಕಿಂತ ದೊಡ್ಡ ಹಾನಿ ಡ್ರೆಸಿಂಗ್ ರೂಮ್‌ನಲ್ಲಾಗುತ್ತದೆ. ಇಂದು ಆತನಿಗೆ ಆದದ್ದು ನಾಳೆ ತಮಗೂ ಆಗುತ್ತದೆ ಎಂದು ಉಳಿದವರೆಲ್ಲ ನೋಡುತ್ತಿರುತ್ತಾರೆ, ಅಂಥ ಜಾಗದಲ್ಲಿ ಒಗ್ಗಟ್ಟು ಬೆಳೆಯುವುದಿಲ್ಲ.

ಅದೇ ದಿನ ನಾಯಕನಿಗೆ, ಆಮೇಲೆ ಇಡೀ ತಂಡಕ್ಕೆ ತಿಳಿಸಿ. ಅಭಿಮಾನಿಗಳಿಗೆ ಕೊಡುವ ಹೇಳಿಕೆಯಲ್ಲಿ ಆಟಗಾರನ ನಡತೆಯ ಬಗ್ಗೆ ಒಂದು ಮಾತೂ ಬೇಡ.

ಹೋದ ಮೇಲಿನ ಮೊದಲ ವಾರಗಳು

ಖಾಲಿಯಾದ ಗೌರವಗಳನ್ನು ಬೇಗ ಹಂಚಿಬಿಡಿ, ಒಬ್ಬರಿಗೇ ಕೊಡಬೇಡಿ. ರೊನಾಲ್ಡಿನೊ ತೊಟ್ಟಿದ್ದ 10ನೇ ಸಂಖ್ಯೆಯ ಅಂಗಿ 21 ವರ್ಷದ ಮೆಸ್ಸಿಗೆ ಹೋಯಿತು, ಆದರೆ ನಾಯಕತ್ವ ಕಾರ್ಲೆಸ್ ಪುಯೋಲ್ ಅವರಲ್ಲೇ ಉಳಿಯಿತು, ಆಟದ ಲಯ ಕ್ಸಾವಿ ಮತ್ತು ಇನಿಯೆಸ್ಟಾ ಅವರ ಕೈಗೆ ಬಂತು. ಆ ಋತುವಿನಲ್ಲಿ ಮೆಸ್ಸಿ 38, ಎಟೊ 36, ಥಿಯರಿ ಆನ್ರಿ 26 ಗೋಲು ಹೊಡೆದು ಮೂವರೂ ಸೇರಿ ನೂರು ಮುಟ್ಟಿದರು. ಹೊಸ ತಾರೆಯೊಂದಿಗೆ ನಂಬಿಕೆ ಬೆಳೆಸಿಕೊಂಡ ರೀತಿಯೂ ಗಮನಾರ್ಹ: ಬೀಜಿಂಗ್ ಒಲಿಂಪಿಕ್ಸ್‌ಗೆ ಮೆಸ್ಸಿಯನ್ನು ಕಳುಹಿಸಲೇಬೇಕಿಲ್ಲ ಎಂದು ಕ್ರೀಡಾ ನ್ಯಾಯಮಂಡಳಿ ಕ್ಲಬ್ ಪರವಾಗಿ ತೀರ್ಪು ಕೊಟ್ಟಿದ್ದರೂ ಗಾರ್ಡಿಯೋಲಾ ಮೆಸ್ಸಿಯನ್ನು ಅಲ್ಲೇ ಉಳಿದು ಆಡಲು ಬಿಟ್ಟರು.

ಕಿರಿಯರ ತಂಡದಿಂದ ಒಬ್ಬಿಬ್ಬರನ್ನು ಮೇಲಕ್ಕೆ ತನ್ನಿ. ಸೆರ್ಜಿಯೊ ಬುಸ್ಕೆಟ್ಸ್ ಮತ್ತು ಪೆಡ್ರೊ, ಹಿಂದಿನ ವರ್ಷ ಗಾರ್ಡಿಯೋಲಾ ಅವರೇ ತರಬೇತಿ ಕೊಟ್ಟಿದ್ದ ಬಾರ್ಸಿಲೋನಾ ಬಿ ತಂಡದಿಂದ ಬಂದವರು. ಕೋಚ್‌ಗೆ ಬೇಕಾದದ್ದೇನೆಂದು ಅವರಿಗೆ ವಿವರಿಸಬೇಕಾಗಿರಲಿಲ್ಲ. ಹೊತ್ತಿಗೆ ತಪ್ಪಿದವರಿಗೆ ದಂಡ, ಒಟ್ಟಿಗೆ ಕುಳಿತು ಊಟ ಎಂಬ ಸಾಧಾರಣ ನಿಯಮಗಳನ್ನು ಎಲ್ಲರಿಗೂ ಒಂದೇ ಸಮನಾಗಿ ಜಾರಿಗೆ ತನ್ನಿ.

ಅಭ್ಯಾಸದಲ್ಲಿ ಹಳೆಯ ರೂಢಿಯನ್ನು ಮುರಿಯುವ ಆಟಗಳಿಗೆ ಹೆಚ್ಚು ಸಮಯ ಕೊಡಿ. ಇಷ್ಟು ದಿನ ತಾರೆಯನ್ನು ಹುಡುಕುತ್ತಿದ್ದ ಕಣ್ಣುಗಳು ಈಗ ಬೇರೆಯವರನ್ನು ಹುಡುಕಬೇಕಾಗಿದೆ, ಅದು ಮಾತಿನಿಂದ ಬರುವುದಿಲ್ಲ. ಐದು ಮಂದಿ ವೃತ್ತವಾಗಿ ನಿಂತು ಪಾಸ್ ಮಾಡುತ್ತ, ನಡುವಿನ ಇಬ್ಬರು ಕಸಿಯಲು ಯತ್ನಿಸುವ ರೊಂಡೊ ಆಟ ಇದಕ್ಕೆ ತಕ್ಕದ್ದು. ಚಿಕ್ಕ ಅಂಕಣದಲ್ಲಿ ಆರು ಮಂದಿಯ ಎರಡು ಬಣಗಳನ್ನು ಮಾಡಿ, ಒಬ್ಬೊಬ್ಬರಿಗೆ ಎರಡೇ ಸ್ಪರ್ಶ ಎಂಬ ಮಿತಿ ಹಾಕಿ, ಚೆಂಡು ಕಳೆದುಕೊಂಡ ಬಣ ಐದು ಸೆಕೆಂಡಿನೊಳಗೆ ಅದನ್ನು ಕಸಿದರೆ ಒಂದು ಅಂಕ ಎಂದು ಆಡಿಸಿ. ಬಣಗಳನ್ನು ದಿನವೂ ಬದಲಿಸಿ, ಗೆಳೆಯರ ಗುಂಪುಗಳು ಒಂದೇ ಬಣದಲ್ಲಿ ಉಳಿಯದಂತೆ ನೋಡಿಕೊಳ್ಳಿ.

ಮೊದಲ ಸೋಲು ಬಂದೇ ಬರುತ್ತದೆ, ಅದರೊಂದಿಗೆ "ಅವನಿದ್ದಿದ್ದರೆ" ಎಂಬ ಮಾತೂ ಬರುತ್ತದೆ. 2008ರ ಆಗಸ್ಟ್ 31ರಂದು ಬಾರ್ಸಿಲೋನಾ ಲೀಗ್‌ನ ಮೊದಲ ಪಂದ್ಯವನ್ನೇ ಆಗಷ್ಟೇ ಬಡ್ತಿ ಪಡೆದು ಬಂದಿದ್ದ ನುಮಾನ್ಸಿಯಾ ಎದುರು 1-0ಯಿಂದ ಸೋತಿತು, ತನ್ನ ಮೈದಾನದಲ್ಲಿ ಆಡಿದ ಎರಡನೆಯ ಪಂದ್ಯದಲ್ಲಿ ರಾಸಿಂಗ್ ಎದುರು 1-1 ಸಮ ಮಾಡಿಕೊಂಡಿತು. ಗಾರ್ಡಿಯೋಲಾ ಆಟದ ರೀತಿಯನ್ನು ಬದಲಿಸಲಿಲ್ಲ. ಆ ಎರಡನೆಯ ಪಂದ್ಯದಲ್ಲೇ ಬುಸ್ಕೆಟ್ಸ್ ಲೀಗ್‌ಗೆ ಪದಾರ್ಪಣೆ ಮಾಡಿದರು. ಮೂರನೆಯ ಪಂದ್ಯದಲ್ಲಿ ಗಿಹೋನ್ ಎದುರು 6-1ರ ಗೆಲುವು ಬಂತು. ಹಂಚಿದ ಕೆಲಸಗಳನ್ನು ಮೊದಲ ಎರಡು ಮೂರು ಪಂದ್ಯಗಳ ಫಲಿತಾಂಶಕ್ಕೆ ಹೆದರಿ ಮರುಹಂಚಬೇಡಿ.

ಯಾರನ್ನು ಬಿಡಬಾರದು

ಕೋಪದಲ್ಲಿದ್ದಾಗ ಯಾರನ್ನೂ ಬಿಡಬೇಡಿ. ಮ್ಯಾಂಚೆಸ್ಟರ್ ಯುನೈಟೆಡ್ 2001ರ ಆಗಸ್ಟ್‌ನಲ್ಲಿ ಡಿಫೆಂಡರ್ ಯಾಪ್ ಸ್ಟಾಮ್ ಅವರನ್ನು ಇಟಲಿಯ ಲಾಜಿಯೊಗೆ ಮಾರಿ ರಕ್ಷಣೆಗೆ 35 ವರ್ಷದ ಲಾರೆಂಟ್ ಬ್ಲಾಂಕ್ ಅವರನ್ನು ತಂದಿತು, ಆ ಋತುವಿನಲ್ಲಿ ಮೂರನೆಯ ಸ್ಥಾನಕ್ಕೆ ಇಳಿಯಿತು. ಆ ಮಾರಾಟ ತಪ್ಪಾಗಿತ್ತೆಂದು ಆಗಿನ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ ಆಮೇಲೆ ಒಪ್ಪಿಕೊಂಡರು. ಎಲ್ಲರ ಮುಂದೆ ನಿಮ್ಮನ್ನು ಪ್ರಶ್ನಿಸುವ ಆಟಗಾರ ತಂಡವನ್ನು ಒಡೆಯುವವನೇ ಆಗಿರಬೇಕಿಲ್ಲ. ಪ್ರಶ್ನಿಸಿದ ಮೇಲೂ ಹಿಂದಕ್ಕೆ ಓಡುವವನು, ಕಿರಿಯನ ತಪ್ಪಿಗೆ ತಾನು ಜಾಗ ತುಂಬುವವನು ನಿಮಗೆ ಬೇಕಾದವನು.

ಹತ್ತು ಪಂದ್ಯಗಳಾದ ಮೇಲೆ ಮತ್ತೆ ವಿಡಿಯೊ ಹಾಕಿ, ಮೊದಲು ಕೇಳಿಕೊಂಡ ಪ್ರಶ್ನೆಗಳನ್ನೇ ಕೇಳಿಕೊಳ್ಳಿ. ಚೆಂಡು ಹೋದಾಗ ಹತ್ತಿರದ ಮೂವರು ಮುಂದೆ ನುಗ್ಗುತ್ತಿದ್ದಾರೆಯೇ, ರೈಟ್ ಬ್ಯಾಕ್ ಮತ್ತೆ ಓಡಲಾರಂಭಿಸಿದ್ದಾನೆಯೇ, ಪೆನಾಲ್ಟಿ ಸಿಕ್ಕಾಗ ಯಾರು ಹೊಡೆಯಬೇಕೆಂಬ ಗೊಂದಲ ಇದೆಯೇ ಎಂದು ನೋಡಿ, ನೋಟ್‌ಪುಸ್ತಕದ ಯಾವ ಸಾಲಿನ ಕೆಲಸ ಇನ್ನೂ ಆಗುತ್ತಿಲ್ಲವೋ ಅದರ ಎದುರಿನ ಹೆಸರನ್ನು ಮಾತ್ರ ಬದಲಿಸಿ.